ಪೌರತ್ವದ ದಾಖಲೆ ಇಲ್ಲದಿದ್ದರೂ ಉಚಿತ ವಕೀಲರನ್ನು ಕೇಳಬಹುದು

ರಾಯಚೂರು ಜಿಲ್ಲೆಯ ಸಿಂಧನೂರಿನಲ್ಲಿ, ಪೂರ್ವ ಪಾಕಿಸ್ತಾನದಿಂದ (ಈಗಿನ ಬಾಂಗ್ಲಾದೇಶ) ಬಂದ ನಿರಾಶ್ರಿತರ ಪುನರ್ವಸತಿ ಕ್ಯಾಂಪುಗಳ ವಾಟ್ಸಾಪ್ ಗುಂಪುಗಳಲ್ಲಿ ‘ಪೌರತ್ವದ ದಾಖಲೆ ಇಲ್ಲದವರಿಗೆ ಉಚಿತ ವಕೀಲರಿಲ್ಲ, ಅರ್ಜಿಗೂ ದುಡ್ಡು ಕೊಡಬೇಕು’ ಎಂಬ ಸಂದೇಶ ಓಡಾಡುತ್ತಿದೆ. ಎರಡೂ ತಪ್ಪು.

ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ, 1987ರ 12ನೇ ಕಲಂ ‘ಪ್ರತಿಯೊಬ್ಬ ವ್ಯಕ್ತಿ’ ಎನ್ನುತ್ತದೆ, ‘ಪೌರ’ ಎನ್ನುವುದಿಲ್ಲ. ಹೆಂಗಸರು, ಮಕ್ಕಳು, ಅಂಗವಿಕಲರು, ಬಂಧನದಲ್ಲಿರುವವರಿಗೆ ಆದಾಯದ ಮಿತಿಯೂ ಇಲ್ಲ. ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಬಿಳಿ ಹಾಳೆಯಲ್ಲಿ ಬರೆದುಕೊಟ್ಟರೆ ಸಾಕು; ಓದು ಬರಹ ಬಾರದವರು ಬಾಯಲ್ಲಿ ಹೇಳಿದ್ದನ್ನು ಅಲ್ಲಿಯವರೇ ಬರೆದುಕೊಳ್ಳಬೇಕು. ಪ್ಯಾರಾ ಲೀಗಲ್ ಸ್ವಯಂಸೇವಕರು (ಕಾನೂನು ನೆರವಿನ ತರಬೇತಿ ಪಡೆದವರು, ವಕೀಲರಲ್ಲ) ಅರ್ಜಿ ತುಂಬಲು ನೆರವಾಗುತ್ತಾರೆ, ಕೋರ್ಟಿನಲ್ಲಿ ವಾದಿಸುವಂತಿಲ್ಲ. ಗೊಂದಲ ಎಲ್ಲಿ ಹುಟ್ಟಿತೋ! ಒಂದಂತೂ ನಿಜ, ವಕೀಲರು ಸಿಕ್ಕರೆ ಪೌರತ್ವ ಸಿಕ್ಕಂತಲ್ಲ. ಅದರ ಅರ್ಜಿ, ದಾಖಲೆಗಳೇ ಬೇರೆ.

ಅನುಮಾನವಿದ್ದರೆ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಕರೆ ಮಾಡಿ. ಆ ಸಂದೇಶವನ್ನು ದಯವಿಟ್ಟು ಮುಂದೆ ಕಳಿಸಬೇಡಿ.