ನಾಯಿಗೂ ಬಾಣಂತನ ಮಾಡುವ ಊರು

ಡಿಸೆಂಬರಿನ ಒಂದು ಸಂಜೆ ಬಾಗಿಲು ತಟ್ಟಿದ ಎದುರುಮನೆಯ ಹಿರಿಯ ಹೆಂಗಸು ಪೀಠಿಕೆಯಿಲ್ಲದೆ ಕೇಳಿದ್ದು, "ಮನೇಲಿ ತುಪ್ಪ ಇದೆಯಾ?" ಅಂತ. ಅಹಮದಾಬಾದಿನ ಪಾಲ್ಡಿಯ ಈ ಸೊಸೈಟಿಗೆ ಬಂದಿಳಿದ ನಾವು ಇನ್ನೂ ಡಬ್ಬಗಳನ್ನೇ ಪೂರ್ತಿ ಬಿಚ್ಚಿರಲಿಲ್ಲ. ಇದೆ, ಯಾಕೆ ಅಂದೆ. ಕೆಳಗೆ ಪಾರ್ಕಿಂಗಿನಲ್ಲಿ ಬೀದಿನಾಯಿ ಮರಿ ಹಾಕಿದೆಯಂತೆ, ಅದಕ್ಕೆ ಶೀರೋ ಎಂಬ ಸಿಹಿ ಮಾಡಬೇಕಂತೆ. ಗೋಧಿಹಿಟ್ಟು ಒಬ್ಬರ ಮನೆಯದು, ಬೆಲ್ಲ ಇನ್ನೊಬ್ಬರದು, ತುಪ್ಪದ ಸರದಿ ನಮ್ಮದು. ಆ ಸರದಿಗೆ ನಮ್ಮನ್ನು ಯಾವಾಗ ಸೇರಿಸಿಕೊಂಡಿರಿ ಎಂದು ಕೇಳುವ ಮೊದಲೇ ಬಟ್ಟಲು ಮುಂದೆ ಬಂದಿತ್ತು.

ಮರುದಿನ ಇಳಿದು ನೋಡಿದೆ. ಓಡದ ಸ್ಕೂಟರೊಂದರ ಹಿಂದೆ ಮಡಿಚಿ ಹಾಸಿದ ಗೋಣಿಚೀಲ, ಗಾಳಿ ಬೀಸುವ ಕಡೆ ಇಟ್ಟಿಗೆ ಪೇರಿಸಿದ ಮೋಟುಗೋಡೆ, ಅದರ ಮೇಲೆ ಯಾರದೋ ಹಳೆಯ ಶಾಲು. ಕಾರು ಹಿಂದಕ್ಕೆ ತೆಗೆಯುವವರು ಇಲ್ಲಿಗೇ ನಿಲ್ಲಿಸಬೇಕು ಎಂದು ನೆಲದ ಮೇಲೆ ಸೀಮೆಸುಣ್ಣದ ಗೆರೆ. ಅಕ್ಕನ ಬಾಣಂತನದಲ್ಲಿ ನಮ್ಮಮ್ಮ ಎಷ್ಟು ಬಿಗಿಯಾಗಿದ್ದರೋ ಇಲ್ಲೂ ಅಷ್ಟೇ ಬಿಗಿ. ಮಕ್ಕಳು ಹತ್ತಿರ ಸುಳಿಯುವಂತಿಲ್ಲ, ಮರಿಗಳನ್ನು ಎತ್ತುವಂತಿಲ್ಲ, ಶೀರೋ ಸುಡುವ ಹಾಗೂ ಇರಬಾರದು, ತಣ್ಣಗಾಗಿ ಗಟ್ಟಿಯೂ ಆಗಿರಬಾರದು. ಇಷ್ಟೆಲ್ಲದರ ಉಸ್ತುವಾರಿ ಹೊತ್ತ ಆ ಹೆಂಗಸು ತಟ್ಟೆ ಇಟ್ಟು ಮಾರುದ್ದ ಹಿಂದೆ ಸರಿದು ನಿಲ್ಲುತ್ತಿದ್ದರು. ಅವರಿಗೆ ನಾಯಿ ಕಂಡರೆ ಭಯ.

ನನಗೆ ಇಡೀ ವಿಷಯದಲ್ಲಿ ದೊಡ್ಡದಾಗಿ ಕಂಡಿದ್ದು ಈ ಭಯವೇ. ಅವರು ನಾಯಿಯನ್ನು ಮುದ್ದು ಮಾಡುವವರಲ್ಲ, ಫೋಟೋ ಹಾಕುವವರಲ್ಲ. ಯಾರಾದರೂ ಪ್ರಾಣಿಪ್ರಿಯೆ ಎಂದರೆ ಗಾಬರಿಯಾದಾರು. ಚಳಿಗಾಲದಲ್ಲಿ ನಾಯಿ ಮರಿ ಹಾಕುತ್ತದೆ, ಹಾಕಿದರೆ ಶೀರೋ ಮಾಡಬೇಕು, ಅಷ್ಟೇ. ನಮ್ಮ ಮನೆಯಲ್ಲಿ ಯುಗಾದಿಗೆ ಬೇವು ತರುವುದನ್ನು ಯಾರೂ ಸಸ್ಯಪ್ರೇಮ ಅನ್ನುವುದಿಲ್ಲವಲ್ಲ!

ಇದಾಗಿ ಬೇಸಿಗೆ ಬಂತು. ಬೆಂಗಳೂರಿನ ತಂಗಿಯಿಂದ ಫೋನು. ಅವರ ಅಪಾರ್ಟ್‌ಮೆಂಟಿನ ಗೇಟಿನ ಪಕ್ಕ, ಹೊಂಗೆಮರದ ಕೆಳಗೆ, ಅವಳೊಂದು ಮಣ್ಣಿನ ಬಾನಿಯಲ್ಲಿ ನೀರಿಟ್ಟಿದ್ದಳು. ಮೂರು ದಿನಕ್ಕೆ ಬಾನಿ ಮಾಯ. ಅಸೋಸಿಯೇಷನ್ನಿನ ವಾಟ್ಸಾಪ್ ಗುಂಪಿನಲ್ಲಿ ಕೇಳಿದರೆ ಚರ್ಚೆ ಮಧ್ಯರಾತ್ರಿವರೆಗೆ ನಡೆಯಿತಂತೆ. ಸೊಳ್ಳೆ ಬರುತ್ತೆ, ನಾಯಿ ಬರುತ್ತೆ, ಮೇಂಟೆನೆನ್ಸ್ ಕೊಡೋದು ನಾವು ನೀರು ಕುಡಿಯೋದು ಅವು, ಅಷ್ಟು ಪ್ರೀತಿ ಇದ್ದರೆ ಮನೆಯೊಳಗೇ ಇಟ್ಟುಕೊಳ್ಳಲಿ. ಕೊನೆಗೆ ಒಬ್ಬರು, 'ನಿಮ್ಮಂಥ ಅನಿಮಲ್ ಲವರ್‌ಗಳಿಂದಲೇ' ಎಂದು ಶುರುಮಾಡಿ ಒಂದು ಪುಟ ಬರೆದರಂತೆ. ಒಂದು ಬಾನಿ ನೀರಿಗೆ ಅವಳು ಆರೋಪಿ ಸ್ಥಾನದಲ್ಲಿ ನಿಲ್ಲಬೇಕಾಯಿತು.

ಅದೇ ವಾರ ಇಲ್ಲಿ ನಮ್ಮ ಬೀದಿಯ ತರಕಾರಿ ಅಂಗಡಿಯವನು ಗಿರಾಕಿಗಳಿಗೆಲ್ಲ ಒಂದೊಂದು ಮಣ್ಣಿನ ತಟ್ಟೆ ಕೊಡುತ್ತಿದ್ದ, ದಾರ ಕಟ್ಟಿ ನೇತುಹಾಕುವಂಥದ್ದು. ಬೇಡ ಅಂದರೂ ಚೀಲಕ್ಕೆ ಹಾಕುತ್ತಾನೆ. ಈ ಊರಿನ ಬೇಸಿಗೆ ಹೇಗಿರುತ್ತದೆ ಎಂದರೆ, 2016ರ ಮೇ 20ರಂದು ಇಲ್ಲಿ 48 ಡಿಗ್ರಿ ಮುಟ್ಟಿತ್ತು. ಅಂಥ ಬಿಸಿಲಲ್ಲಿ ಹಾರುವ ಹಕ್ಕಿ ಹಾರುತ್ತಲೇ ಬೀಳುತ್ತದೆ. ತಟ್ಟೆ ನೆರಳಲ್ಲಿರಬೇಕು, ಆಳ ಕಮ್ಮಿ ಇರಬೇಕು, ನೀರು ದಿನಾ ಬದಲಾಯಿಸಬೇಕು ಎನ್ನುವುದೆಲ್ಲ ಇಲ್ಲಿನ ಎಂಟು ವರ್ಷದ ಹುಡುಗಿಗೂ ಗೊತ್ತು. ದಿನಾ ಬದಲಾಯಿಸಿದ ನೀರಲ್ಲಿ ಸೊಳ್ಳೆ ಹುಟ್ಟುವುದಿಲ್ಲ ಎಂದು ತಂಗಿಯ ಗುಂಪಿನಲ್ಲಿ ಯಾರೂ ಹೇಳಲಿಲ್ಲವಂತೆ.

ಹಳೇ ಅಹಮದಾಬಾದಿನ ಪೋಳುಗಳಲ್ಲಿ, ಅಂದರೆ ಒತ್ತೊತ್ತಾಗಿ ಮನೆಗಳಿರುವ ಓಣಿಗಳಲ್ಲಿ, ನಡೆದರೆ ಚಬೂತರೋಗಳು ಕಾಣುತ್ತವೆ. ಕಂಬದ ಮೇಲೆ ಕೆತ್ತನೆಯ ಚಾವಣಿ, ಒಳಗೆ ಹಕ್ಕಿಗಳಿಗೆ ಕಾಳು. 2017ರಲ್ಲಿ ಯುನೆಸ್ಕೋ ಈ ಕೋಟೆಯೊಳಗಿನ ಊರನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಪ್ರವಾಸಿಗರು ಕೆತ್ತನೆಯ ಫೋಟೋ ತೆಗೆಯುತ್ತಾರೆ. ನಾನು ನೋಡಿದ್ದು ಕಾಳು ಹಾಕಲು ಬಂದವನನ್ನು. ಅವನು ಕಾಳು ಹಾಕಿ, ಕೈ ಒದರಿ, ಬೈಕು ಹತ್ತಿ ಹೋದ. ಹಿಂದಕ್ಕೆ ತಿರುಗಿಯೂ ನೋಡಲಿಲ್ಲ.

ನಮ್ಮಲ್ಲಿ ಇದು ಇರಲೇ ಇಲ್ಲವೇ? ಶಿರಾ ಕಡೆಯ ನಮ್ಮೂರಲ್ಲಿ ಬಾವಿಕಟ್ಟೆಯ ಪಕ್ಕ ಕಲ್ಲಿನ ತೊಟ್ಟಿ ಇತ್ತು. ನೀರು ಸೇದಿದವರು ಕೊನೇ ಕೊಡ ಅದಕ್ಕೆ ಸುರಿದೇ ಮನೆಗೆ ಹೋಗುತ್ತಿದ್ದದ್ದು. ಊರಾಚೆ ಗೋಕಟ್ಟೆ, ಅದರ ಹೂಳೆತ್ತಲು ಮನೆಗೊಂದು ಆಳು. ಹಸು ಇಲ್ಲದವರ ಮನೆಯ ಕಲಗಚ್ಚು ಹಸು ಇರುವವರ ಮನೆಗೆ. ಪಕ್ಷಮಾಸದ ಆಚೆಗೂ ಕಾಗೆಗೆ ಒಂದು ತುತ್ತು ಇತ್ತು. ಆಮೇಲೆ ನಲ್ಲಿ ಬಂತು, ಬಾವಿ ಬತ್ತಿತು. ಗೋಮಾಳ ಸೈಟಾಯಿತು, ಕಲಗಚ್ಚು ಸಿಂಕಿನಲ್ಲಿ ಹರಿದುಹೋಯಿತು. ಬೆಂಗಳೂರಿಗೆ ಹೊರಟ ನಾವು ಹಪ್ಪಳದ ಡಬ್ಬ, ಉಪ್ಪಿನಕಾಯಿ ಜಾಡಿ ಎಲ್ಲ ಕಟ್ಟಿಕೊಂಡೆವು, ತೊಟ್ಟಿಗೆ ಸುರಿಯುವ ಆ ಕೊನೇ ಕೊಡವನ್ನು ಅಲ್ಲೇ ಬಿಟ್ಟು ಬಂದೆವು.

ಬಿಟ್ಟದ್ದನ್ನು ಈಗ ಸರ್ಕಾರ ಮಾಡಲಿ ಎನ್ನುತ್ತೇವೆ. ಮಾಡಲು ಹೊರಟರೆ ನಗುತ್ತೇವೆ. 2025ರ ಜುಲೈನಲ್ಲಿ ಆಗಿನ ಬಿಬಿಎಂಪಿ ಸುಮಾರು ಐದು ಸಾವಿರ ಬೀದಿನಾಯಿಗಳಿಗೆ ದಿನಾ ಕೋಳಿಮಾಂಸದ ಅನ್ನ ಹಾಕುವ ಯೋಜನೆ ಮುಂದಿಟ್ಟಿತು, ವರ್ಷಕ್ಕೆ 2.88 ಕೋಟಿ ರೂಪಾಯಿ ಅಂದಾಜು. ನಾಯಿಗೆ ಬಿರಿಯಾನಿ ಎಂದು ಅದೆಷ್ಟು ಮೀಮುಗಳು! ಇಲ್ಲಿನ ಕನ್ನಡ ಬಳಗದ ಗುಂಪಿಗೂ ಬಂದವು. ಟೆಂಡರಿನ ಬಗ್ಗೆ ಅನುಮಾನ ಪಡಲು ಕಾರಣ ಇರಬಹುದು. ಆದರೆ ಮೀಮು ಕಳಿಸಿದವರಲ್ಲಿ ಯಾರಾದರೂ ತಮ್ಮ ಬೀದಿಯ ನಾಯಿಗೆ ಒಂದು ಹಿಡಿ ಅನ್ನ ಹಾಕುತ್ತಿದ್ದರೆ ಈ ಯೋಜನೆಗೆ ಏನು ಕೆಲಸವಿತ್ತು? ಕಾಯ್ದೆ ನೋಡಿದರೂ ಅಷ್ಟೇ. 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳಲ್ಲಿ, ಬೀದಿಪ್ರಾಣಿಗಳಿಗೆ ಆಹಾರ ಹಾಕಲು ಮಕ್ಕಳ ಆಟದ ಜಾಗ, ಮೆಟ್ಟಿಲು, ಬಾಗಿಲುಗಳಿಂದ ದೂರ ಒಂದು ಸ್ಥಳ ಗೊತ್ತುಮಾಡುವ ಹೊಣೆಯನ್ನು ನಿವಾಸಿಗಳ ಸಂಘದ ಮೇಲೇ ಹಾಕಿದ್ದಾರೆ. ತಂಗಿ ಆ ನಿಯಮದ ಪ್ರತಿಯನ್ನು ಗುಂಪಿಗೆ ಹಾಕಿದಳು. 'ಕಾನೂನು ಹೇಳಿಕೊಡಬೇಡಿ' ಎಂದು ಉತ್ತರ ಬಂತು.

ಕಾಮೇಗೌಡರ ಹೆಸರು ಹೇಳಿ ನನ್ನ ಬಾಯಿ ಮುಚ್ಚಿಸುವವರಿದ್ದಾರೆ. ಮಂಡ್ಯ ಜಿಲ್ಲೆಯ ದಾಸನದೊಡ್ಡಿಯ ಕುರಿಗಾಹಿ, ಬೆಟ್ಟದ ಮೇಲೆ ಪ್ರಾಣಿಪಕ್ಷಿಗಳಿಗೆಂದು ಒಂದಾದ ಮೇಲೊಂದು ಕಟ್ಟೆ ತೋಡಿದ ಮನುಷ್ಯ. 2020ರಲ್ಲಿ ಪ್ರಧಾನಿ ರೇಡಿಯೋದಲ್ಲಿ ಅವರ ಹೆಸರು ಹೇಳಿದರು, 2022ರಲ್ಲಿ ಗೌಡರು ತೀರಿಕೊಂಡರು. ಅವರಿಗೆ ಕೈಮುಗಿಯುತ್ತೇನೆ. ಆದರೆ ಅದೇ ನನ್ನ ತಕರಾರು. ನಮ್ಮಲ್ಲಿ ಈ ಕೆಲಸಕ್ಕೆ ಒಬ್ಬ ಕಾಮೇಗೌಡರು ಹುಟ್ಟಬೇಕು. ಅವರು ಅಗೆಯುತ್ತಾರೆ, ನಾವು ಹಾರ ಹಾಕುತ್ತೇವೆ. ಪಾಲ್ಡಿಯಲ್ಲಿ ಯಾರಿಗೂ ಹಾರ ಹಾಕುವ ಪ್ರಸಂಗವೇ ಬರುವುದಿಲ್ಲ, ಬಟ್ಟಲು ಸರದಿಯಲ್ಲಿ ಬರುತ್ತದೆ.

ಇನ್ನು ಉತ್ತರಾಯಣ. ನಮ್ಮವರು ಎಳ್ಳು ಬೀರಿ ಎತ್ತುಗಳಿಗೆ ಕಿಚ್ಚು ಹಾಯಿಸುವ ದಿನ ಇಲ್ಲಿನವರೆಲ್ಲ ಮಾಳಿಗೆಯ ಮೇಲೆ. ಆಕಾಶ ಕಾಣದಷ್ಟು ಗಾಳಿಪಟ, ಎಲ್ಲಕ್ಕೂ ಗಾಜಿನ ಪುಡಿ ಬಳಿದ ಮಾಂಜಾ. ಆ ದಾರ ಹಕ್ಕಿಯ ರೆಕ್ಕೆಯನ್ನು ಬ್ಲೇಡಿನಷ್ಟು ಸಲೀಸಾಗಿ ಸೀಳುತ್ತದೆ. 2017ರಿಂದ ಪ್ರತಿವರ್ಷ ಜನವರಿ 10ರಿಂದ 20ರವರೆಗೆ ಇಲ್ಲಿನ ಸರ್ಕಾರ ಗಾಯಗೊಂಡ ಹಕ್ಕಿಗಳಿಗಾಗಿ ಕರುಣಾ ಅಭಿಯಾನ ನಡೆಸುತ್ತಿದೆ. ಅರಣ್ಯ ಇಲಾಖೆ, ಪಶುವೈದ್ಯರು, ಸ್ವಯಂಸೇವಕರು ಎಲ್ಲರೂ ಬೀದಿಗಿಳಿಯುತ್ತಾರೆ. ಹಕ್ಕಿಗಳು ಗೂಡು ಬಿಡುವ, ಗೂಡು ಸೇರುವ ಹೊತ್ತು ತಪ್ಪಿಸಲು ಬೆಳಿಗ್ಗೆ 9ರ ಮೊದಲು, ಸಂಜೆ 5ರ ನಂತರ ಪಟ ಹಾರಿಸಬೇಡಿ ಎಂದು ಕೇಳಿಕೊಳ್ಳುತ್ತಾರೆ.

ನಮ್ಮ ಮಾಳಿಗೆಗೊಂದು ಪಾರಿವಾಳ ಬಿತ್ತು. ರೆಕ್ಕೆಯ ಮಡಿಕೆಯಲ್ಲಿ ದಾರ ಸುತ್ತಿಕೊಂಡು ರಕ್ತ ಹೆಪ್ಪುಗಟ್ಟಿತ್ತು. ನಾನು ದಾರಕ್ಕೆ ಕೈ ಹಾಕುವಷ್ಟರಲ್ಲಿ ಕಾಲೇಜು ಹುಡುಗನೊಬ್ಬ ತಡೆದ. ಎಳೆದರೆ ಗಾಯ ಇನ್ನೂ ಸೀಳುತ್ತೆ, ಎರಡೂ ಕಡೆ ಕತ್ತರಿಸಿ ಮಧ್ಯದ್ದನ್ನು ಡಾಕ್ಟರಿಗೆ ಬಿಡಿ ಅಂದ. ಬಟ್ಟೆ ಹೊದಿಸಿ, ರೆಕ್ಕೆಗಳನ್ನು ಮೈಗೆ ಅವಚಿ ಎತ್ತಿ, ತೂತು ಹೊಡೆದ ಚಪ್ಪಲಿ ಡಬ್ಬಕ್ಕೆ ಇಳಿಸಿದ. ನೀರು ಹಾಕಲೇ ಎಂದು ಯಾರೋ ಕೇಳಿದರು. ಬೇಡ, ಹಕ್ಕಿಯ ಉಸಿರಿನ ಕಂಡಿ ನಾಲಿಗೆಯ ಬುಡದಲ್ಲೇ ಇರುತ್ತೆ, ಸುರಿದ ನೀರು ನೇರ ಶ್ವಾಸಕೋಶಕ್ಕೆ ಇಳಿಯುತ್ತೆ ಎಂದು ಮುಚ್ಚಳ ಮುಚ್ಚಿದ. ಕತ್ತಲಾದರೆ ಅದು ಒದ್ದಾಡುವುದಿಲ್ಲ. ಪ್ರಾಣಿಗಳ ಸಹಾಯವಾಣಿ 1962ಕ್ಕೆ ಫೋನು ಮಾಡಿ, ಡಬ್ಬವನ್ನು ಮೆಟ್ಟಿಲ ಕೆಳಗಿಟ್ಟು, ಮತ್ತೆ ಮೇಲೆ ಬಂದು ತನ್ನ ಪಟ ಹಾರಿಸತೊಡಗಿದ.

ಹೌದು, ಅದೇ ಮಾಂಜಾ ಕಟ್ಟಿದ ಪಟ. ಹೇಳಬಾರದೆಂದಿದ್ದೆ, ಹೇಳದಿದ್ದರೆ ತಂಗಿ ಬಿಡುವುದಿಲ್ಲ. ಕೊಯ್ಯುವ ಕೈಗೂ ಡಬ್ಬ ಹಿಡಿಯುವ ಕೈಗೂ ಇಲ್ಲಿ ನೆಂಟಸ್ತಿಕೆ. ಅಂದೇ ಹಸುಗಳಿಗೆ ಬೇಯಿಸಿದ ಕಾಳಿನ ಘೂಘರಿ ಹಾಕುವ ಪುಣ್ಯವೂ ಇದೆ. ಪುಣ್ಯ ಎಲ್ಲರಿಗೂ ಬೇಕು, ಹಸುವಿಗಿರುವುದು ಒಂದೇ ಹೊಟ್ಟೆ. ಹುಲ್ಲು ಕರಗಿಸಬೇಕಾದ ಹೊಟ್ಟೆಗೆ ಒಮ್ಮೆಲೇ ಅಷ್ಟು ಕಾಳು ಬಿದ್ದರೆ ಹುಳಿಯೇರಿ ಉಬ್ಬರಿಸುತ್ತದೆ, ಪ್ರಾಣಕ್ಕೇ ಬರುತ್ತದೆ. ಹಬ್ಬದ ಮರುದಿನ ರಸ್ತೆಬದಿ ಮಲಗಿದ ಒಂದು ಹಸುವನ್ನು ನಾನೇ ನೋಡಿದ್ದೇನೆ, ಎಡಪಕ್ಕೆ ತಮಟೆಯಾಗಿತ್ತು.

ಶೀರೋದ ಕಥೆಯೂ ಪೂರ್ತಿ ಸಿಹಿಯಲ್ಲ. ಹಾಲೂಡುವ ನಾಯಿಗೆ ತುಪ್ಪ ಬೆಲ್ಲಕ್ಕಿಂತ ಬೇಕಾದ್ದು ಮಾಂಸವೋ ಮೊಟ್ಟೆಯೋ. ನಮ್ಮ ಸೊಸೈಟಿಯಲ್ಲಿ ಮೊಟ್ಟೆಯ ಮಾತೆತ್ತಿದರೆ ನಮ್ಮನ್ನೇ ಸರದಿಯಿಂದ ತೆಗೆದಾರು. ಬೇಯಿಸಿದ ಮೊಟ್ಟೆಯನ್ನು ಪತ್ರಿಕೆಯಲ್ಲಿ ಸುತ್ತಿ, ರಾತ್ರಿ ಕಸ ಹಾಕುವ ನೆಪದಲ್ಲಿ ಇಳಿದು ತಿನ್ನಿಸಿ ಬರುತ್ತಿದ್ದೆ. ಸಿಪ್ಪೆಯನ್ನು ಎರಡು ಬೀದಿಯಾಚೆ ಎಸೆಯುತ್ತಿದ್ದೆ. ಹೀಗಿದ್ದೂ ಮರಿಗಳಲ್ಲಿ ಉಳಿದದ್ದು ಎರಡು. ಸತ್ತವುಗಳಲ್ಲಿ ಒಂದು ಕಾರಿಗೆ, ಮಿಕ್ಕವು ಪಾರ್ವೋ ಎಂಬ ವೈರಸ್ ರೋಗಕ್ಕೆ. ರಕ್ತಭೇದಿ ಶುರುವಾದ ಮೇಲೆ ಶೀರೋ ಮಾಡಿದ ಮನೆಗಳ ಬಾಗಿಲು ತಟ್ಟಿದೆ. ಎಲ್ಲರೂ ಮರುಗಿದರು, ಲಸಿಕೆ ಹಾಕಿಸೋಣ ಅಂದವರಿಲ್ಲ. ತಾಯಿ ಹಾಲು ಬಿಡಿಸಿದ ಮೇಲೆ ಸಂತಾನಹರಣ ಮಾಡಿಸೋಣವೇ ಎಂದೆ. ಪಾಪ ಅಲ್ವಾ ಅದು, ಅಂದರು ಎದುರುಮನೆಯವರು.

ತಂಗಿ ಫೋನಿನಲ್ಲಿ ನಕ್ಕದ್ದು ಇದನ್ನು ಕೇಳಿ. ಅವಳ ಬೀದಿಯಲ್ಲಿ ಈಗ ನಾಯಿ ಮರಿ ಹಾಕುವುದೇ ಇಲ್ಲ. ಅಲ್ಲಿನ ಏಳು ನಾಯಿಗಳ ಕಿವಿಯಲ್ಲೂ ಸಂತಾನಹರಣ ಆಗಿದೆ ಎನ್ನುವ ಕತ್ತರಿಯ ಗುರುತಿದೆ, ಎಲ್ಲಕ್ಕೂ ರೇಬೀಸ್ ಲಸಿಕೆ ಆಗಿದೆ. ಬಲೆಯವರನ್ನು ಕರೆಸಿದ್ದು, ಹಿಡಿಯುವಾಗ ಜೊತೆಗೆ ನಿಂತದ್ದು, ವಾಪಸ್ ಬಂದ ಮೇಲೆ ಹೊಲಿಗೆ ನೋಡಿಕೊಂಡದ್ದು ಅವಳು ಮತ್ತು ಅವಳಂಥ ಇಬ್ಬರು. ಬಾನಿ ಎಸೆದವರ ಮಕ್ಕಳೂ ಈಗ ಆ ಬೀದಿಯಲ್ಲಿ ನಿರ್ಭಯವಾಗಿ ಸೈಕಲ್ ಹೊಡೆಯುತ್ತವೆ. 1962 ನಮ್ಮಲ್ಲೂ ಇದೆ, ಪಶು ಸಂಜೀವಿನಿ ಗಾಡಿಗಳು 2022ರಿಂದ ಓಡುತ್ತಿವೆ ಎಂದು ನೆನಪಿಸಿದಳು. ಆಷಾಢದ ಗಾಳಿಗೆ ಪಟ ಹಾರುವಾಗ ಮಾಂಜಾಕ್ಕೆ ಸಿಕ್ಕ ಹದ್ದುಗಳನ್ನು ಇಳಿಸಲು ಮರ ಹತ್ತುವ ಹುಡುಗರು ಬೆಂಗಳೂರಲ್ಲೂ ಇದ್ದಾರೆ ಅಂದಳು. ಒಪ್ಪಿದೆ, ಒಪ್ಪದೆ ಏನು ಮಾಡಲಿ. "ಅಲ್ಲಿ ಕೂತು ಗುಜರಾತಿಗಳನ್ನು ಹೊಗಳೋ ಬದಲು ಒಂದು ವಾರ ರಜೆ ಹಾಕಿ ಬಾ, ಹಿಂದಿನ ಬೀದಿಯಲ್ಲಿ ಇನ್ನೂ ಹನ್ನೊಂದಿವೆ, ಹಿಡಿಯೋಕೆ ಜನ ಇಲ್ಲ" ಎಂದಳು.

ಜನ ಇಲ್ಲ, ನಾನು ಹೇಳುತ್ತಿರುವುದೂ ಅದನ್ನೇ. ಕೆಲಸ ಗೊತ್ತಿರುವವರು ಮೂವರು ಅಲ್ಲಿದ್ದಾರೆ, ಬಟ್ಟಲು ಹಿಡಿದು ಮನೆಮನೆಗೆ ಹೋಗಲು ಹಿಂಜರಿಯದ ಮೂವತ್ತು ಮನೆ ಇಲ್ಲಿವೆ. ರಜೆಗೆ ಅರ್ಜಿ ಹಾಕಿದ್ದೇನೆ. ಆ ಹನ್ನೊಂದು ನಾಯಿಗಳ ಖರ್ಚಿನ ಪಟ್ಟಿ ಮಾಡಿ, ಕೇಳುವುದಕ್ಕೆ ಸಂಕೋಚ ಬೇಡ, ಮನೆಗಿಷ್ಟು ಎಂದು ಹಂಚಿ ಗುಂಪಿಗೆ ಹಾಕು ಅಂದೆ. ಹಾಕಿದ್ದಾಳೆ. ಇಲ್ಲಿಯವರೆಗೆ ಆರು ಹೆಬ್ಬೆರಳು, ಎರಡು ಕೈಮುಗಿದ ಚಿತ್ರ ಬಂದಿವೆಯಂತೆ. ದುಡ್ಡು ಒಬ್ಬರೂ ಕೊಟ್ಟಿಲ್ಲ.