ಆ ಬಾಂಡ್ ಪೇಪರ್ ಮೇಲೆ ಸಹಿ ಹಾಕಬೇಡ್ರಪ್ಪಾ

ಪುಣೆಯ ಕೊಥ್ರೂಡಿನಲ್ಲಿ ರೂಮು ಹಿಡಿದಿರುವ ನಮ್ಮ ಕಡೆಯ ಮೂವರು ಹುಡುಗರ ಬಾಡಿಗೆ ಕರಾರು ನಿನ್ನೆ ನೋಡಿದೆ. ಐನೂರರ ಬಾಂಡ್ ಪೇಪರ್, ನೋಟರಿ ಸೀಲು, ಕೆಳಗೆ ಮೂರು ಸಹಿ. ನೋಂದಣಿ ಇಲ್ಲ. ಡೆಪಾಸಿಟ್ ಎಷ್ಟು ಅಂತ ಇದೆ, ಯಾವಾಗ ವಾಪಸ್ ಅಂತ ಇಲ್ಲ. ವರ್ಷಾ ವರ್ಷಾ ಇದೇ ಗೋಳು. ರೊಟ್ಟಿ, ಶೇಂಗಾ ಚಟ್ನಿ ಕಟ್ಟಿ ಕಳಿಸುವ ಅಪ್ಪ-ಅಮ್ಮಂದಿರೇ, ಆ ಕಾಗದವನ್ನೂ ಒಮ್ಮೆ ಓದಿ.

‘11 ತಿಂಗಳದ್ದಕ್ಕೆ ನೋಂದಣಿ ಬೇಕಿಲ್ಲ’ ಅನ್ನೋ ನಂಬಿಕೆಯನ್ನು ನಮ್ಮ ಊರಿನಿಂದ ತಂದಿರುತ್ತೇವೆ. ಮಹಾರಾಷ್ಟ್ರದಲ್ಲಿ ಅದು ನಡೆಯೋದಿಲ್ಲ. ಇಲ್ಲಿನ ಬಾಡಿಗೆ ನಿಯಂತ್ರಣ ಕಾಯ್ದೆ, 1999ರ 55ನೇ ಕಲಂ ಪ್ರಕಾರ ಲೀವ್ ಅಂಡ್ ಲೈಸೆನ್ಸ್ ಕರಾರು (ಇಂತಿಷ್ಟು ತಿಂಗಳು ಮನೆ ಬಳಸಲು ಮಾಲೀಕರು ಕೊಡುವ ಅನುಮತಿ, ಇಲ್ಲಿ ಬಾಡಿಗೆ ಕರಾರು ಅಂದರೆ ಸಾಮಾನ್ಯವಾಗಿ ಇದೇ) ಲಿಖಿತವಾಗಿರಬೇಕು, ನೋಂದಣಿಯೂ ಆಗಬೇಕು. ಮಾಡಿಸುವ ಹೊಣೆ ಮಾಲೀಕರದು. ಮಾಡಿಸದಿದ್ದರೆ ಮೂರು ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ.

‘ಖರ್ಚು ಯಾರು ಕೊಡ್ತಾರೆ’ ಅಂತೀರಾ? ಲೆಕ್ಕ ಹಾಕಿ. ತಿಂಗಳಿಗೆ 18,000 ಬಾಡಿಗೆ, 60,000 ಡೆಪಾಸಿಟ್ ಅಂದುಕೊಳ್ಳೋಣ. 11 ತಿಂಗಳ ಬಾಡಿಗೆ 1,98,000. ಡೆಪಾಸಿಟ್ ಮೇಲೆ ವರ್ಷಕ್ಕೆ ಶೇ. 10ರಂತೆ 11 ತಿಂಗಳ ಬಡ್ಡಿ 5,500 ಸೇರಿಸಿ. ಒಟ್ಟು ಮೊತ್ತದ ಶೇ. 0.25 ಸ್ಟ್ಯಾಂಪ್ ಡ್ಯೂಟಿ, ಅಂದರೆ ಸುಮಾರು 510. ಮಹಾನಗರಪಾಲಿಕೆ ವ್ಯಾಪ್ತಿಯಲ್ಲಿ ನೋಂದಣಿ ಶುಲ್ಕ 1,000. ಮೂವರು ಹಂಚಿಕೊಂಡರೆ ತಲೆಗೆ ಐನೂರು ಚಿಲ್ಲರೆ. ಮಾಡಿಸಿಕೊಡುವ ಏಜೆಂಟರ ಕೂಲಿ ಬೇರೆ. ಇಷ್ಟು ಉಳಿಸಲು ಹೋಗಿ 60,000ವನ್ನು ಗಾಳಿಗೆ ಬಿಡೋದು ಯಾವ ಜಾಣತನ? ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಕಾಯೋದೂ ಬೇಡ. ಏಜೆಂಟರು ಮನೆಗೇ ಬಂದು ಆಧಾರ್ ನೋಡಿ ಹೆಬ್ಬೆಟ್ಟು ತಗೊಳ್ತಾರೆ, ಆನ್‌ಲೈನಲ್ಲೇ ಮುಗಿಯುತ್ತೆ. ಕೊನೆಗೆ ಕರಾರಿನ ಜೊತೆ ಇಂಡೆಕ್ಸ್-2 (ನೋಂದಣಿ ಆಗಿದೆ ಅಂತ ತೋರಿಸುವ ಸರ್ಕಾರಿ ಸಾರಾಂಶ ಪತ್ರ) ಕೇಳಿ ಪಡೆಯಿರಿ.

ಹೆಬ್ಬೆಟ್ಟು ಒತ್ತುವ ಮುಂಚೆ ಕರಡು ಓದಿ. ಲಾಕ್-ಇನ್, ಅಂದರೆ ನಡುವೆ ಮನೆ ಬಿಡುವಂತಿಲ್ಲದ ಅವಧಿ, ಎಷ್ಟು ತಿಂಗಳು? ಮುಂಚೆ ಬಿಟ್ಟರೆ ಏನು ಕಡಿತ? ನೋಟಿಸ್ ಎಷ್ಟು ದಿನ? ಸೊಸೈಟಿ ಮೇಂಟೆನೆನ್ಸ್ ಯಾರದು? ಹೆಚ್ಚು ಜಗಳ ಬರೋದು ಪೇಂಟಿಂಗ್ ಹೆಸರಲ್ಲಿ. ಬಳಕೆಯಿಂದ ಗೋಡೆ ಮಾಸುತ್ತೆ, ಅದಕ್ಕೆ ಡೆಪಾಸಿಟ್ ಮುರಿಯುವಂತಿಲ್ಲ ಅಂತ ಬರೆಸಿ. ಬೀಗದ ಕೈ ಕೊಟ್ಟ ಎಷ್ಟು ದಿನದೊಳಗೆ ಡೆಪಾಸಿಟ್ ವಾಪಸ್ ಅನ್ನೋದನ್ನೂ ಬರೆಸಿ.

ಸಾಮಾನು ಇಳಿಸುವ ಮುಂಚೆಯೇ ಕರೆಂಟ್ ಮೀಟರ್ ಬೋರ್ಡಿನ ಫೋಟೋ ತೆಗೆಯಿರಿ. ರೀಡಿಂಗ್ ಜೊತೆ ಮೀಟರ್ ನಂಬರೂ ಕಾಣಬೇಕು. ಹಿಂದಿನವರ ಬಿಲ್ ಬಾಕಿ ಇದೆಯಾ ಅಂತ ಗ್ರಾಹಕ ಸಂಖ್ಯೆ ಹಾಕಿ ಇಲ್ಲಿನ ವಿದ್ಯುತ್ ಕಂಪನಿ ಮಹಾವಿತರಣದ ಆ್ಯಪಲ್ಲಿ ನೋಡಬಹುದು. ಗೀಸರ್ ಹಾಕಿ ನೋಡಿ. ಸಿಂಕ್ ಕೆಳಗೆ ಕೈಯಾಡಿಸಿ, ಒದ್ದೆ ಇದ್ದರೆ ಫೋಟೋ. ಎಲ್ಲವನ್ನೂ ಅವತ್ತೇ ಮಾಲೀಕರಿಗೆ ವಾಟ್ಸಾಪ್ ಮಾಡಿ.

‘ಸೀಸನ್ನಲ್ಲಿ ರೂಮು ಸಿಗೋದೇ ಕಷ್ಟ, ಷರತ್ತು ಹಾಕಿದ್ರೆ ಕೈತಪ್ಪುತ್ತೆ’ ಅಂತಾರೆ ಹುಡುಗರು. ನೋಂದಣಿ ಅಂದ ಕೂಡಲೇ ಮುಖ ತಿರುಗಿಸುವ ಮಾಲೀಕ ಡೆಪಾಸಿಟ್ ಕೇಳಿದಾಗ ಫೋನಾದರೂ ಎತ್ತುತ್ತಾನಾ? ಧನಕವಡಿ, ಕರ್ವೆನಗರದ ಕಡೆ ಇನ್ನೆರಡು ದಿನ ಸುತ್ತಿ. ಅಲ್ಲಿವರೆಗೆ ಟೋಕನ್ ಮುಂಗಡ ಕೂಡ ನಗದಲ್ಲಿ ಕೊಡಬೇಡಿ, ಕೊಟ್ಟರೆ ಯುಪಿಐನಲ್ಲಿ, ಅದೂ ಮಾಲೀಕರ ಹೆಸರಿನ ಖಾತೆಗೇ.