ಆಗುತ್ತೆ ಅಂತಾದರೂ ಬರೆದುಕೊಡಿ, ಆಗಲ್ಲ ಅಂತಾದರೂ ಬರೆದುಕೊಡಿ

ಪಿಎಚ್‌ಡಿ ಮಾಡುತ್ತಿರುವವರು ಜೊತೆಜೊತೆಗೇ ಮೂರು ವರ್ಷದ ಎಲ್‌ಎಲ್‌ಬಿಗೆ ಸೇರಬಹುದೋ, ಇಲ್ಲವೋ? ಹೌದು ಅಥವಾ ಇಲ್ಲ, ಇಷ್ಟೇ ಉತ್ತರ. ಅದನ್ನು ಕಾಗದದ ಮೇಲೆ ಬರೆದು ಸಹಿ ಹಾಕುವ ಒಬ್ಬೇ ಒಬ್ಬ ಅಧಿಕಾರಿ ದಾವಣಗೆರೆಯಲ್ಲಿ ನನಗೆ ಸಿಕ್ಕಿಲ್ಲ. ಬಾಯಲ್ಲಿ ಹೇಳುವವರಿಗೇನು ಬರವಿಲ್ಲ. ಒಬ್ಬರು "ಆಗಲ್ಲ ಬಿಡ್ರಿ ಮೇಡಂ" ಅಂದರು. ಅವರ ಎದುರಿನ ಟೇಬಲ್ಲಿನವರು "ಯಾರಿಗ್ ಗೊತ್ತಾಗುತ್ತೆ, ಸೇರ್ಕಳ್ರಿ ಸುಮ್ನೆ" ಅಂದರು. ಇಬ್ಬರಿಗೂ ಸಂಬಳ ಕೊಡುವುದು ಒಂದೇ ಸಂಸ್ಥೆ.

ನಿಯಮ ನೋಡಿಕೊಂಡು ಬನ್ನಿ ಅಂದರು. ನೋಡಿದೆ. ಯುಜಿಸಿ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) 2022ರ ಏಪ್ರಿಲ್‌ನಲ್ಲಿ ಒಂದೇ ಹೊತ್ತಿಗೆ ಎರಡು ಪದವಿ ಓದಬಹುದು, ತರಗತಿಗಳ ಸಮಯ ಒಂದರ ಮೇಲೊಂದು ಬೀಳಬಾರದು ಅಷ್ಟೆ ಎಂದು ಮಾರ್ಗಸೂಚಿ ಹೊರಡಿಸಿತು. ಪೇಪರಿನಲ್ಲಿ ದೊಡ್ಡ ಸುದ್ದಿಯಾಗಿತ್ತು. ಆದರೆ ಅದು ಪಿಎಚ್‌ಡಿ ಬಿಟ್ಟು ಉಳಿದವಕ್ಕೆ ಮಾತ್ರ ಅನ್ವಯ ಎಂಬ ಸಾಲೂ ಅದರೊಳಗೇ ಇದೆ. ಸರಿ, ಪಿಎಚ್‌ಡಿಯನ್ನು ಹೊರಗಿಟ್ಟರು. ಹೊರಗಿಟ್ಟರೆ ನಿಷೇಧಿಸಿದಂತೆಯೋ, ವಿಶ್ವವಿದ್ಯಾಲಯದ ವಿವೇಚನೆಗೆ ಬಿಟ್ಟಂತೆಯೋ? ಆ ಮಾರ್ಗಸೂಚಿಯಲ್ಲಿ ಅದು ಇಲ್ಲ. ಇನ್ನೊಂದು ಕಡೆ ಭಾರತೀಯ ಬಾರ್ ಕೌನ್ಸಿಲ್‌ನ 2008ರ ಕಾನೂನು ಶಿಕ್ಷಣ ನಿಯಮಗಳು. ಲಾ ಓದುವವರು ಅದೇ ಹೊತ್ತಿಗೆ ಬೇರೆ ಪದವಿ, ಸ್ನಾತಕೋತ್ತರ ಅಥವಾ ಸರ್ಟಿಫಿಕೇಟ್ ಕೋರ್ಸಿಗೆ ಹೆಸರು ನೋಂದಾಯಿಸಬಾರದು ಎಂದು 6ನೇ ನಿಯಮ ಹೇಳುತ್ತದೆ. ಭಾಷೆ, ಕಂಪ್ಯೂಟರಿನ ಸಣ್ಣ ಕೋರ್ಸುಗಳಿಗೂ ದೂರಶಿಕ್ಷಣಕ್ಕೂ ವಿನಾಯಿತಿ ಇದೆ. ಪಿಎಚ್‌ಡಿಯ ಹೆಸರನ್ನೇ ಎತ್ತಿಲ್ಲ. ಸಂಶೋಧನೆ ಸ್ನಾತಕೋತ್ತರ ಕೋರ್ಸಿನ ಲೆಕ್ಕಕ್ಕೆ ಬರುತ್ತದೋ ಇಲ್ಲವೋ, ಅದನ್ನು ಹೇಳಬೇಕಾದವರು ಯಾರು? ಕೌಂಟರಿನಲ್ಲಿ ಕೂತ ಗುಮಾಸ್ತರೇ?

ನನ್ನ ಹೊಟ್ಟೆ ಉರಿಸಿದ್ದು ಇದೂ ಅಲ್ಲ, ಆ ಮುಚ್ಚಳಿಕೆ ಪತ್ರ. ಪ್ರವೇಶದ ಅರ್ಜಿಯ ಜೊತೆ ಪಿನ್ ಮಾಡಿ ಕೊಡುತ್ತಾರೆ. ಜೆರಾಕ್ಸಿನ ಮೇಲೆ ಜೆರಾಕ್ಸು ತೆಗೆದು ಅಕ್ಷರವೆಲ್ಲ ಮಾಸಿದ ಹಾಳೆ. "ನಾನು ಬೇರೆ ಯಾವುದೇ ಕೋರ್ಸಿಗೆ ನೋಂದಾಯಿಸಿಕೊಂಡಿರುವುದಿಲ್ಲ, ಈ ಮಾಹಿತಿ ಸುಳ್ಳೆಂದು ಕಂಡುಬಂದಲ್ಲಿ ನನ್ನ ಪ್ರವೇಶ ರದ್ದುಪಡಿಸಲು ಬದ್ಧನಾಗಿರುತ್ತೇನೆ." ನಾನು ಪಿಎಚ್‌ಡಿ ಮಾಡುತ್ತಿದ್ದೇನೆ ಸರ್, ಇದಕ್ಕೆ ಸಹಿ ಹಾಕಲಾರೆ, ಬೇಕಾದರೆ ಇರುವ ವಿಷಯವನ್ನೇ ಕೆಳಗೆ ಬರೆದು ಸಹಿ ಮಾಡುತ್ತೇನೆ ಅಂದೆ. "ಅಂಗೆಲ್ಲ ಬರ್ಯಂಗಿಲ್ಲ ಮೇಡಂ. ಎಲ್ರೂ ಸೈನ್ ಹಾಕ್ತಾರೆ, ನಿಮ್ದೇನು ವಿಶೇಷ?" ಅಂದರು. ನನ್ನ ಹಿಂದೆ ನಿಂತಿದ್ದ ಹುಡುಗ ಬೇರೆ ಊರಿನಲ್ಲಿ ಪೂರ್ತಿ ದಿನದ ಕೆಲಸದಲ್ಲಿದ್ದವನು, ಅದನ್ನು ಎಲ್ಲರೆದುರಿಗೇ ಹೇಳಿಕೊಂಡಿದ್ದ. ಓದದೆಯೇ ಗೀಚಿ ಕೊಟ್ಟು ಹೋದ. ಕ್ಲಾಸಿಗೆ ಹೇಗೆ ಬರ್ತೀಯ ಅಂತಲೂ ಕೇಳದೆ ಅವನ ಅರ್ಜಿ ತೆಗೆದುಕೊಂಡರು. ನನ್ನದನ್ನು ವಾಪಸ್ ತಳ್ಳಿದರು.

ಕಾನೂನು ಕಲಿಯಲು ಹೋದವಳಿಗೆ ಮೊದಲ ದಿನವೇ ಸುಳ್ಳು ಮುಚ್ಚಳಿಕೆ ಬರೆದುಕೊಡು ಅನ್ನುತ್ತಾರಲ್ಲ, ಇವರಿಗೆ ಏನನ್ನಬೇಕು? ಸಹಿ ಹಾಕಿದ್ದರೆ ಅಲ್ಲಿಗೆ ಮುಗಿಯುತ್ತಿತ್ತೇ? 2024ರ ಸೆಪ್ಟೆಂಬರ್‌ನಲ್ಲಿ ಬಾರ್ ಕೌನ್ಸಿಲ್ ಇನ್ನೊಂದು ಸುತ್ತೋಲೆ ಹೊರಡಿಸಿದೆ. ಅಂತಿಮ ಅಂಕಪಟ್ಟಿ, ಪದವಿ ಪ್ರಮಾಣಪತ್ರ ಕೊಡುವ ಮೊದಲು ಏಕಕಾಲಕ್ಕೆ ಬೇರೆ ಪದವಿ ಓದಿದ್ದೀರಾ, ಉದ್ಯೋಗದಲ್ಲಿದ್ದಿರಾ, ಕ್ರಿಮಿನಲ್ ಕೇಸು ಇದೆಯಾ ಎಂದು ವಿದ್ಯಾರ್ಥಿಯಿಂದ ಘೋಷಣೆ ಪಡೆಯಬೇಕಂತೆ. ಅಂದರೆ ಸೇರುವಾಗ "ಹಾಕ್ರಿ ಸೈನ್" ಅಂದವರೇ, ಮೂರು ವರ್ಷ ಫೀಸು ತೆಗೆದುಕೊಂಡಾದ ಮೇಲೆ, ಕೊನೆಗೆ ಬಾಗಿಲು ಹಾಕಿಕೊಳ್ಳಬಹುದು. ಆಗ ಆ ಗುಮಾಸ್ತರು ವರ್ಗವಾಗಿ ಎಲ್ಲಿರುತ್ತಾರೋ ಏನೋ.

ಎರಡೂ ಯಾಕೆ ಬೇಕು, ಒಂದು ಮುಗಿಸಿ ಇನ್ನೊಂದು ಮಾಡು ಅಂತ ಬುದ್ಧಿ ಹೇಳುವವರಿಗೆ ನನ್ನ ಸಂಶೋಧನೆ ಏನೆಂದು ಗೊತ್ತಿಲ್ಲ. ಚಿತ್ರದುರ್ಗ ಜಿಲ್ಲೆಯಲ್ಲಿ ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ ಜಮೀನು ಹೇಗೆ ಕೈತಪ್ಪಿತು, ಎಷ್ಟು ಜನಕ್ಕೆ ವಾಪಸ್ ಬಂತು, ಇದೇ ನನ್ನ ವಿಷಯ. ಇದರ ಬೆನ್ನೆಲುಬು ಪಿಟಿಸಿಎಲ್ ಕಾಯ್ದೆ, ಅಂದರೆ ಪರಿಶಿಷ್ಟರಿಗೆ ಮಂಜೂರಾದ ಜಮೀನಿನ ಪರಭಾರೆಯನ್ನು (ಮಾರಾಟ, ವರ್ಗಾವಣೆ) ತಡೆಯುವ ಕಾಯ್ದೆ. 1978ರಲ್ಲಿ ದೇವರಾಜ ಅರಸರ ಸರ್ಕಾರ ತಂದದ್ದು, 1979ರ ಜನವರಿ 1ರಿಂದ ಜಾರಿಯಾದದ್ದು. ಷರತ್ತು ಮೀರಿ ಪರಭಾರೆಯಾದ ಜಮೀನನ್ನು ಉಪವಿಭಾಗಾಧಿಕಾರಿ ಮೂಲ ಮಂಜೂರಾತಿದಾರರಿಗೆ ಬಿಡಿಸಿಕೊಡಬೇಕು. 2017ರಲ್ಲಿ ಸುಪ್ರೀಂ ಕೋರ್ಟು, ಸಮಂಜಸ ಅವಧಿಯೊಳಗೆ ಅರ್ಜಿ ಹಾಕಬೇಕು ಎಂದಿತು. ಅದನ್ನೇ ಹಿಡಿದು ತಡವಾಯಿತೆಂದು ಅರ್ಜಿಗಳು ಬಿದ್ದುಹೋಗತೊಡಗಿದವು. 2023ರಲ್ಲಿ ರಾಜ್ಯ ಸರ್ಕಾರ ತಿದ್ದುಪಡಿ ತಂದು, ಕಾಲಮಿತಿಯ ಅಡ್ಡಿ ಇಲ್ಲ ಅಂದಿತು. ಇಷ್ಟನ್ನು ಸಾಲಾಗಿ ಬರೆಯುವುದು ಸುಲಭ. ಒಂದು ಆದೇಶವನ್ನು ಕೈಯಲ್ಲಿ ಹಿಡಿದು ಇದು ಯಾಕೆ ಬಿತ್ತು, ಯಾಕೆ ನಿಂತಿತು ಎಂದು ತಿಳಿಯಬೇಕಾದರೆ ಸಾಕ್ಷ್ಯ ಕಾಯ್ದೆ, ಭೂಕಂದಾಯ, ಸಿವಿಲ್ ಪ್ರಕ್ರಿಯೆ ಎಲ್ಲ ಕ್ರಮವಾಗಿ ಓದಿರಬೇಕು. ಅಲ್ಲಿ ಇಲ್ಲಿ ಕೇಳಿ ತಿಳಿದುಕೊಂಡರೆ ಸಾಲದು.

ಚಳ್ಳಕೆರೆ ಕಡೆಯ ಒಬ್ಬ ಅಜ್ಜಿ ಜಮೀನು ಮಂಜೂರಾದಾಗ ಕೊಟ್ಟ ತನ್ನ ಸಾಗುವಳಿ ಚೀಟಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಅದನ್ನು ಸೀರೆಯ ತುಂಡಿನಲ್ಲಿ ಕಟ್ಟಿ ಇಟ್ಟುಕೊಂಡಿದ್ದಾರೆ. ನಾಲ್ಕು ಮಡಿಕೆ. ಪರಭಾರೆಯ ಷರತ್ತು ಬರೆದ ಸಾಲು ಸರಿಯಾಗಿ ಮಡಿಕೆಯಲ್ಲೇ ಸವೆದುಹೋಗಿದೆ. ಎಷ್ಟು ವರ್ಷ ಮಾರಬಾರದು ಅಂತ ಇತ್ತೋ ಆ ಅಂಕಿಯೇ ಇಲ್ಲ. "ಇದ್ರಾಗ್ ಏನ್ ಬರ್ದೈತೆ ಓದವ್ವ. ನೀನೂ ಲಾಯರೇನಾ?" ಅಂದರು. ಅಲ್ಲ ಅಜ್ಜಿ, ಓದುತ್ತಿದ್ದೇನೆ ಅಂದೆ. ಆ ಚೀಟಿ ಕೊಟ್ಟ ವರ್ಷದಲ್ಲಿ ಯಾವ ಮಂಜೂರಾತಿ ನಿಯಮ ಜಾರಿಯಲ್ಲಿತ್ತು, ತಾಲ್ಲೂಕು ಕಚೇರಿಯ ಮೂಲ ಕಡತ ಸಿಗದಿದ್ದರೆ ಆ ಷರತ್ತನ್ನು ಬೇರೆ ಯಾವ ದಾಖಲೆಯಿಂದ ಸಾಬೀತು ಮಾಡಬಹುದು, ಇದು ನನ್ನ ಪ್ರಬಂಧದ ಪ್ರಶ್ನೆಯೂ ಹೌದು, ಅವರ ಎರಡೆಕರೆಯ ಪ್ರಶ್ನೆಯೂ ಹೌದು. ಪಿಎಚ್‌ಡಿ ಮುಗಿಸಿ ಆಮೇಲೆ ಲಾ ಓದಿಕೊಂಡು ಬರ್ತೀನಿ, ಅಲ್ಲಿವರೆಗೂ ಗಟ್ಟಿಯಾಗಿರು ಅಂತ ಅವರಿಗೆ ಹೇಳಲೇ? 2022ರ ಪಿಎಚ್‌ಡಿ ನಿಯಮದ ಪ್ರಕಾರ ಕನಿಷ್ಠ 3 ವರ್ಷ, ಗರಿಷ್ಠ 6 ವರ್ಷ. ಅದರ ಮೇಲೆ ಲಾ 3 ವರ್ಷ. ಕೂಡಿಸಿ ನೋಡಿ.

ಸಮಯ ಸಾಲಲ್ಲ ಅನ್ನುವವರಿಗೆ ಒಂದು ಮಾತು. ನನ್ನ ಕೋರ್ಸ್‌ವರ್ಕ್ ಮುಗಿದಿದೆ. ಉಳಿದಿರುವುದು ಕ್ಷೇತ್ರಕಾರ್ಯ, ದಾಖಲೆ, ಬರವಣಿಗೆ. ಕಾನೂನು ಕಾಲೇಜಿಗೆ ಪ್ರತಿ ವಿಷಯದಲ್ಲೂ 70 ಪರ್ಸೆಂಟ್ ಹಾಜರಾತಿಯ ಕಟ್ಟುಪಾಡು ಈಗಾಗಲೇ ಇದೆ. ಕ್ಲಾಸಿಗೆ ಬಾರದವಳಾದರೆ ಅದೇ ನಿಯಮದಲ್ಲಿ ಪರೀಕ್ಷೆಗೆ ಕೂರಿಸಬೇಡಿ, ನಾನು ಚಕಾರ ಎತ್ತುವುದಿಲ್ಲ. ಬಂದು ಕೂರುತ್ತೇನೆ ಅನ್ನುವವಳನ್ನು ಬಾಗಿಲಲ್ಲೇ ತಡೆದು, ಒಂದು ದಿನವೂ ಬಾರದವನಿಗೆ ಒಳಗೆ ಹಾಜರಿ ತುಂಬುವುದು ಯಾವ ನ್ಯಾಯ?

ಬಾಬಾಸಾಹೇಬರು 1916ರಲ್ಲಿ ಲಂಡನ್ನಿಗೆ ಹೋದಾಗ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ಗೂ ಬ್ಯಾರಿಸ್ಟರ್ ತರಬೇತಿ ಕೊಡುವ ಗ್ರೇಸ್ ಇನ್‌ಗೂ ಒಟ್ಟಿಗೇ ಸೇರಿದರು. ವಿದ್ಯಾರ್ಥಿವೇತನದ ಅವಧಿ ಮುಗಿದು ನಡುವೆ ವಾಪಸಾಗಬೇಕಾಯಿತು, 1920ರಲ್ಲಿ ಮತ್ತೆ ಹೋದರು. 1922ರಲ್ಲಿ ಬ್ಯಾರಿಸ್ಟರ್, 1923ರಲ್ಲಿ ಅರ್ಥಶಾಸ್ತ್ರದ ಡಾಕ್ಟರೇಟ್ ಆದ ಡಿಎಸ್‌ಸಿ. ಅವರ ಫೋಟೋ ಇಲ್ಲದ ಕಚೇರಿ ನಾನು ನೋಡಿಲ್ಲ. ನನ್ನ ಅರ್ಜಿ ವಾಪಸ್ ತಳ್ಳಿದ ಕೌಂಟರಿನ ಹಿಂದಿನ ಗೋಡೆಯಲ್ಲೂ ಇತ್ತು, ಹೊಸ ಹಾರ ಹಾಕಿದ್ದರು. ಅವರು ಹಾಗೆ ಓದಿದ ನೂರು ವರ್ಷದ ಮೇಲೆ ನಾನು ಅದೇ ದಾರಿ ಕೇಳಿದರೆ "ನಿಮ್ದೇನು ವಿಶೇಷ" ಅನ್ನುತ್ತಾರೆ. ಅಮೆರಿಕದ ಸ್ಟ್ಯಾನ್‌ಫರ್ಡ್, ಹಾರ್ವರ್ಡ್‌ಗಳಲ್ಲಿ ಕಾನೂನು ಪದವಿ ಮತ್ತು ಪಿಎಚ್‌ಡಿಯನ್ನು ಹೊಂದಿಸಿಕೊಂಡು ಓದುವ ವ್ಯವಸ್ಥೆಯನ್ನು ವಿಶ್ವವಿದ್ಯಾಲಯವೇ ಮಾಡಿಕೊಟ್ಟಿದೆ. ನಮ್ಮಲ್ಲಿ ಅಷ್ಟೆಲ್ಲ ಬೇಡ, ಹೌದೋ ಅಲ್ಲವೋ ಹೇಳಿದರೆ ಸಾಕಾಗಿತ್ತು.

ಕೊನೆಗೆ ಲಿಖಿತವಾಗಿ ಸ್ಪಷ್ಟೀಕರಣ ಕೋರಿ ಟಪಾಲಿಗೆ ಕೊಟ್ಟೆ. ಸೀಲು ಬಿತ್ತು, ಉತ್ತರ ಬರಲಿಲ್ಲ. ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿ ಮಾಹಿತಿ ಹಕ್ಕಿನಲ್ಲಿ ಕೇಳಿದೆ. ಅದಕ್ಕೆ ಬಂತು ಉತ್ತರ: "ತಾವು ಕೋರಿರುವುದು ಸ್ಪಷ್ಟೀಕರಣದ ಸ್ವರೂಪದಲ್ಲಿರುವುದರಿಂದ ಮಾಹಿತಿಯ ವ್ಯಾಖ್ಯೆಯಡಿ ಬರುವುದಿಲ್ಲ." ಸ್ಪಷ್ಟೀಕರಣ ಕೇಳಿದಾಗ ಬಾಯಿ ಬಿಡದವರು, ಮಾಹಿತಿ ಕೇಳಿದಾಗ ಅದು ಸ್ಪಷ್ಟೀಕರಣ ಅನ್ನುತ್ತಾರೆ! ಅಷ್ಟರಲ್ಲಿ ಪ್ರವೇಶದ ಕೊನೆಯ ದಿನಾಂಕ ಮುಗಿಯಿತು. ಒಂದು ವರ್ಷ ಹೋಯಿತು ನನ್ನದು.

ಪ್ರಥಮ ಮೇಲ್ಮನವಿ ಹಾಕಿದ್ದೇನೆ. ಈ ಸಲ ಸ್ಪಷ್ಟೀಕರಣ ಎಂಬ ಪದವೇ ಇಲ್ಲದ ಹಾಗೆ, ಈ ವಿಷಯದಲ್ಲಿ ನಿಮ್ಮ ಕಚೇರಿಯಲ್ಲಿರುವ ಎಲ್ಲ ಆದೇಶ, ಸುತ್ತೋಲೆ, ಟಿಪ್ಪಣಿಗಳ ದೃಢೀಕೃತ ಪ್ರತಿ ಕೊಡಿ ಎಂದು ಹೊಸ ಅರ್ಜಿಯನ್ನೂ ಕೊಟ್ಟಿದ್ದೇನೆ. ರಾಜ್ಯದಲ್ಲಿ ಯಾರಿಗಾದರೂ, ಯಾವ ವಿಶ್ವವಿದ್ಯಾಲಯದಿಂದಾದರೂ ಇದರ ಬಗ್ಗೆ ಸಹಿ, ಸೀಲು ಇರುವ ಉತ್ತರ ಸಿಕ್ಕಿದ್ದರೆ ದಯವಿಟ್ಟು ಅದರ ಪ್ರತಿ ಕಳಿಸಿ. ಆಗಲ್ಲ ಅಂತ ಇದ್ದರೂ ಕಳಿಸಿ. ಅದನ್ನು ಹಿಡಿದುಕೊಂಡು ಹೈಕೋರ್ಟಿಗಾದರೂ ಹೋಗಬಹುದು.